ಇಪಿಒ ತಯಾರಿಸಿದವರ ಹಣ, ಕ್ಯಾಲಿಫೋರ್ನಿಯಾದ ರೇಸು: ಆಕ್ಷೇಪಗಳಿಗೆ ಉತ್ತರ

ಟೂರ್ ಆಫ್ ಕ್ಯಾಲಿಫೋರ್ನಿಯಾ ಸೈಕಲ್ ರೇಸಿಗೆ ಆಮ್ಜೆನ್ ಎಂಬ ಔಷಧ ಕಂಪನಿ ಮುಖ್ಯ ಪ್ರಾಯೋಜಕನಾಗಿದ್ದದ್ದು ಈ ಕ್ರೀಡೆಗೇ ಅವಮಾನ ಎಂದು ವಾದಿಸುವವರು ಇವತ್ತಿಗೂ ಇದ್ದಾರೆ. ಅವರ ಕಾರಣ ಎಲ್ಲರಿಗೂ ಗೊತ್ತಿರುವುದೇ. ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸುವ ಇಪಿಒ, ಅಂದರೆ ಎರಿತ್ರೊಪೊಯೆಟಿನ್, ಎಂಬ ಔಷಧವನ್ನು ಅಮೆರಿಕದ ಮಾರುಕಟ್ಟೆಗೆ ಮೊದಲು ತಂದದ್ದು ಆಮ್ಜೆನ್. ಅದೇ ಔಷಧವನ್ನು ಕದ್ದುಮುಚ್ಚಿ ಚುಚ್ಚಿಕೊಂಡು ಒಂದು ಇಡೀ ತಲೆಮಾರಿನ ಸೈಕ್ಲಿಸ್ಟುಗಳು ಈ ಆಟದ ಮಾನ ಕಳೆದರು. ಹಾಗಿರುವಾಗ ಅದೇ ಕಂಪನಿಯ ಹೆಸರನ್ನು ರೇಸಿನ ನೆತ್ತಿಯ ಮೇಲೆ ಬರೆದುಕೊಳ್ಳುವುದೇ? ಕೇಳಿದ ಕೂಡಲೇ ಹೌದಲ್ಲ ಅನ್ನಿಸುವ ವಾದ ಇದು. ಆದರೆ ಒಂದೊಂದೇ ಎಳೆ ಬಿಡಿಸಿ ನೋಡಿದರೆ ಇದರಲ್ಲಿ ನಿಲ್ಲುವಂಥದ್ದು ತೀರ ಕಡಿಮೆ. ನಿಲ್ಲುವ ಒಂದು ಅಂಶವೂ ಇದೆ; ಆಕ್ಷೇಪಿಸುವವರು ಅದನ್ನೇ ಕೈಬಿಟ್ಟಿದ್ದಾರೆ.

ಆ ರೇಸಿಗಾಗಿ ಅಮೆರಿಕದ ಸೈಕಲ್ ಪ್ರೇಮಿಗಳು ಎಷ್ಟು ಕಾದಿದ್ದರು ಎಂಬುದು ಗೊತ್ತಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ. ಕೊಲೊರಾಡೊದ ಕೂರ್ಸ್ ಕ್ಲಾಸಿಕ್ 1988ಕ್ಕೆ ನಿಂತಿತು. ಟೂರ್ ಡುಪಾಂಟ್ 1996ಕ್ಕೆ ಮುಗಿಯಿತು. ಎರಡರ ಹೆಸರೂ ಪ್ರಾಯೋಜಕರದ್ದೇ, ಒಂದು ಬಿಯರ್ ಕಂಪನಿಯದು, ಇನ್ನೊಂದು ರಾಸಾಯನಿಕ ಕಂಪನಿಯದು. 2003ರಲ್ಲಿ ಜಾರ್ಜಿಯಾದಲ್ಲಿ ಒಂದು ರೇಸು ಶುರುವಾಯಿತಾದರೂ ಅಮೆರಿಕದ ಸೈಕ್ಲಿಸ್ಟುಗಳು ಯುರೋಪಿನಲ್ಲಿ ಗೆಲ್ಲುತ್ತಿದ್ದ ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಂಥ ರಾಜ್ಯಕ್ಕೆ ತನ್ನದೇ ಆದ, ಎಂಟು ದಿನಗಳ ದೊಡ್ಡ ರೇಸು ಇರಲಿಲ್ಲ. ಲಾಸ್ ಏಂಜಲೀಸಿನ ಎಇಜಿ ಸಂಸ್ಥೆ ಅದನ್ನು ನಡೆಸಲು ಮುಂದೆ ಬಂತು. ಆಮ್ಜೆನ್ ಹಣ ಕೊಡಲು ಒಪ್ಪಿತು. 2006ರ ಫೆಬ್ರುವರಿ 19ರಂದು ಸ್ಯಾನ್ ಫ್ರಾನ್ಸಿಸ್ಕೊದ ಕೋಯಿಟ್ ಟವರ್‌ನ ಏರಿಯಲ್ಲಿ ಆರಂಭವಾದ ರೇಸು 26ಕ್ಕೆ ರೆಡಾಂಡೊ ಬೀಚಿನಲ್ಲಿ ಮುಗಿಯಿತು. ರಸ್ತೆ ಬದಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆಂದು ಸಂಘಟಕರು ಲೆಕ್ಕ ಕೊಟ್ಟರು.

ಗಳಿಗೆ ಮಾತ್ರ ಕೆಟ್ಟದಾಗಿತ್ತು. ಅಮೆರಿಕದ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ 1999ರ ಮೂತ್ರದ ಮಾದರಿಗಳಲ್ಲಿ ಇಪಿಒ ಸಿಕ್ಕಿದೆ ಎಂದು ಫ್ರಾನ್ಸಿನ ಲೆಕಿಪ್ ಪತ್ರಿಕೆ 2005ರ ಆಗಸ್ಟಿನಲ್ಲಷ್ಟೇ ಬರೆದಿತ್ತು. ಇಪಿಒ ಎಂಬ ಮೂರಕ್ಷರ ಎಲ್ಲರ ಬಾಯಲ್ಲಿದ್ದಾಗಲೇ ಅದನ್ನು ತಯಾರಿಸಿದವರ ಹೆಸರು ಹೊಸ ರೇಸಿನ ಬ್ಯಾನರಿಗೆ ಏರಿತು. ಜನ ಮೂಗು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಮೊದಲ ಆಕ್ಷೇಪ. ಇದು ಸಿಗರೇಟು ಕಂಪನಿ ಕ್ರಿಕೆಟ್ಟಿಗೆ ಹಣ ಕೊಟ್ಟ ಹಾಗೆ ಎನ್ನುತ್ತಾರೆ. 1996ರ ವಿಶ್ವಕಪ್ಪಿಗೆ ವಿಲ್ಸ್ ಹೆಸರಿದ್ದದ್ದು ನಮಗೆಲ್ಲ ನೆನಪಿದೆ. ಸಿಗರೇಟನ್ನು ಹೇಗೆ ಸೇದಬೇಕೋ ಹಾಗೆಯೇ ಸೇದಿದರೂ ಅದು ಕೊಲ್ಲುತ್ತದೆ. ಅದರ ತಪ್ಪು ಬಳಕೆ ಎಂಬುದೇ ಇಲ್ಲ, ಬಳಕೆಯೇ ತಪ್ಪು. ಆ ಪ್ರಾಯೋಜಕತ್ವವನ್ನು ಕಾನೂನು ಮಾಡಿ ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಇಪಿಒ ಕಥೆ ಬೇರೆ. ನಮ್ಮ ಮೂತ್ರಪಿಂಡಗಳು ತಾವಾಗಿ ತಯಾರಿಸುವ ಹಾರ್ಮೋನು ಅದು. ಮೂತ್ರಪಿಂಡ ಕೆಟ್ಟವರಲ್ಲಿ ಅದು ಸಾಕಷ್ಟು ಉತ್ಪತ್ತಿಯಾಗುವುದಿಲ್ಲ, ರಕ್ತ ತೆಳುವಾಗುತ್ತ ಹೋಗುತ್ತದೆ. ಈ ಔಷಧ ಬರುವ ಮೊದಲು ಡಯಾಲಿಸಿಸ್ ರೋಗಿಗಳು ಮತ್ತೆಮತ್ತೆ ಬೇರೆಯವರ ರಕ್ತ ಹಾಕಿಸಿಕೊಳ್ಳಬೇಕಿತ್ತು. ಆ ರಕ್ತದ ಜೊತೆಗೆ ಕಾಮಾಲೆಯ ವೈರಸ್ಸು ಬರುತ್ತಿತ್ತು, ದೇಹದಲ್ಲಿ ಕಬ್ಬಿಣ ತುಂಬಿಕೊಂಡು ಅಂಗಾಂಗಗಳು ಹಾಳಾಗುತ್ತಿದ್ದವು. ಮೆಟ್ಟಿಲು ಹತ್ತಲಾರದೆ, ಕೆಲಸಕ್ಕೆ ಹೋಗಲಾರದೆ ಹಾಸಿಗೆ ಹಿಡಿದವರು ಎಷ್ಟೋ ಜನ.

ಇದನ್ನು ಕಂಡುಹಿಡಿಯಲು ಪಟ್ಟ ಪಾಡು ಸಣ್ಣದಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಗೋಲ್ಡ್‌ವಾಸರ್ ದಶಕಗಳ ಕಾಲ ಈ ಹಾರ್ಮೋನಿನ ಬೆನ್ನು ಹತ್ತಿದ್ದರು. ಜಪಾನಿನ ತಕಾಜಿ ಮಿಯಾಕೆ ಅವರು ತೀವ್ರ ರಕ್ತಹೀನತೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿ ತಂದರು. ಅದನ್ನು ಶೋಧಿಸಿ 1977ರಲ್ಲಿ ಕೆಲವೇ ಮಿಲಿಗ್ರಾಂ ಶುದ್ಧ ಇಪಿಒ ಪಡೆದರು. ಆಮ್ಜೆನ್‌ನ ಫು-ಕುಯೆನ್ ಲಿನ್ 1983ರಲ್ಲಿ ಅದರ ಜೀನನ್ನು ಬೇರ್ಪಡಿಸಿದರು. 1989ರ ಜೂನ್‌ನಲ್ಲಿ ಅಮೆರಿಕದ ಸರ್ಕಾರಿ ಅನುಮತಿ ಸಿಕ್ಕಿತು. ಬೆಂಗಳೂರಿನ ಬಯೋಕಾನ್ ಕೂಡ ಎರಿಪ್ರೊ ಎಂಬ ಹೆಸರಿನಲ್ಲಿ ಇದನ್ನು ತಯಾರಿಸಿದೆ. ನಮ್ಮ ಡಯಾಲಿಸಿಸ್ ಕೇಂದ್ರಗಳಲ್ಲಿ ರೋಗಿಗಳಿಗೆ ಕೊಡುವ ರಕ್ತ ಹೆಚ್ಚಿಸುವ ಇಂಜೆಕ್ಷನ್ ಇದೇ. ಇದನ್ನು ಸಿಗರೇಟಿನ ಪಕ್ಕದಲ್ಲಿ ಕೂರಿಸುವವರು ಒಮ್ಮೆ ಆ ರೋಗಿಗಳ ಮನೆಯವರನ್ನು ಮಾತಾಡಿಸಬೇಕು. ಈ ಇಡೀ ವಿವಾದದಲ್ಲಿ ನನಗೆ ಅತಿ ಹೆಚ್ಚು ನೋವು ತಂದದ್ದೂ ಇದೇ: ಸೈಕ್ಲಿಸ್ಟು, ಕಂಪನಿ, ಪತ್ರಕರ್ತ ಎಲ್ಲರೂ ಇದ್ದಾರೆ, ರೋಗಿಯೊಬ್ಬ ಇಲ್ಲ.

ಎರಡನೆಯದು, ಸೈಕ್ಲಿಸ್ಟುಗಳ ಮೋಸದಿಂದ ಆಮ್ಜೆನ್ ಲಾಭ ಮಾಡಿಕೊಂಡಿತು ಎಂಬ ಆಪಾದನೆ. ಲೆಕ್ಕ ಹಾಕಿ ನೋಡೋಣ. 2005ರಲ್ಲಿ ಅಮೆರಿಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು ಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಖರ್ಚು ಸರ್ಕಾರದ ಮೆಡಿಕೇರ್ ಯೋಜನೆಯದು. ಆ ವರ್ಷ ಎಪೋಜೆನ್ ಮತ್ತು ಅರಾನೆಸ್ಪ್ ಎಂಬ ಎರಡು ಇಪಿಒ ಔಷಧಗಳಿಂದ ಆಮ್ಜೆನ್‌ಗೆ ಬಂದ ಹಣ ಐನೂರು ಕೋಟಿ ಡಾಲರಿಗೂ ಮಿಗಿಲು. ಈ ಮೊತ್ತದ ಮುಂದೆ ಜಗತ್ತಿನ ಎಲ್ಲ ವೃತ್ತಿಪರ ಸೈಕ್ಲಿಸ್ಟುಗಳೂ ವರ್ಷವಿಡೀ ಚುಚ್ಚಿಕೊಂಡರೂ ಅದು ಲೆಕ್ಕಕ್ಕೆ ಸಿಗುವ ಮಾರಾಟವಾಗುವುದಿಲ್ಲ. ಇನ್ನೊಂದು ಸಂಗತಿಯನ್ನು ಆಕ್ಷೇಪಿಸುವವರು ಹೇಳುವುದೇ ಇಲ್ಲ. ಯುರೋಪಿನಲ್ಲಿ ಇಪಿಒ ಮಾರುವ ಹಕ್ಕನ್ನು ಆಮ್ಜೆನ್ ಮೊದಲೇ ಜಾನ್ಸನ್ ಅಂಡ್ ಜಾನ್ಸನ್‌ಗೆ ಕೊಟ್ಟಿತ್ತು. ಅಲ್ಲಿ ಅದು ಎಪ್ರೆಕ್ಸ್ ಆಗಿತ್ತು. ಬೋರಿಂಗರ್ ಮ್ಯಾನ್‌ಹೈಮ್ ಮತ್ತು ನಂತರ ರೋಷ್ ಕಂಪನಿಯ ಇನ್ನೊಂದು ಇಪಿಒ ಕೂಡ ಅಲ್ಲಿತ್ತು. 1998ರ ಟೂರ್ ಡಿ ಫ್ರಾನ್ಸ್‌ನಲ್ಲಿ ಫೆಸ್ಟಿನಾ ತಂಡದ ಕಾರು ಮದ್ದಿನ ಸಮೇತ ಸಿಕ್ಕಿಬಿದ್ದು ಹಗರಣ ಹೊರಬಂತಲ್ಲ, ಆ ತೊಂಬತ್ತರ ದಶಕದ ಯುರೋಪಿನ ಔಷಧದಂಗಡಿಗಳಲ್ಲಿ ಎಪೋಜೆನ್ ಇರಲೇ ಇಲ್ಲ. 2001ರಲ್ಲಿ ಅರಾನೆಸ್ಪ್ ಬಂದ ಮೇಲೆ ಆಮ್ಜೆನ್ ಅಲ್ಲಿಗೆ ತನ್ನ ಹೆಸರಿನಲ್ಲೇ ಹೋಯಿತು, ಅದು ನಿಜ. ಆದರೆ ಹತ್ತು ವರ್ಷದ ಪಾಪವನ್ನೆಲ್ಲ ಒಂದೇ ಹೆಸರಿಗೆ ಕಟ್ಟುವುದು ಪುರಾವೆಯಿಲ್ಲದ ತೀರ್ಪು.

ಮೂರನೆಯ ಆಕ್ಷೇಪ ಹೆಚ್ಚು ಬುದ್ಧಿವಂತಿಕೆಯದು. ಕಂಪನಿಗೆ ನಿಜಕ್ಕೂ ಕಾಳಜಿ ಇದ್ದಿದ್ದರೆ ಔಷಧದೊಳಗೆ ಒಂದು ಗುರುತು ಸೇರಿಸಬಹುದಿತ್ತು, ಪರೀಕ್ಷೆಯಲ್ಲಿ ಥಟ್ಟನೆ ಸಿಕ್ಕಿಬೀಳುವಂಥ ಏನಾದರೂ, ಎನ್ನುತ್ತಾರೆ. ಸ್ವಲ್ಪ ಯೋಚಿಸಿ. ವಾರಕ್ಕೆ ಮೂರು ಸಲ, ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಳ್ಳುವ ರೋಗಿಯ ದೇಹಕ್ಕೆ ಅವನಿಗೆ ಯಾವ ಪ್ರಯೋಜನವೂ ಇಲ್ಲದ ಇನ್ನೊಂದು ವಸ್ತುವನ್ನು ಸೇರಿಸಬೇಕು. ಅದು ಸುರಕ್ಷಿತವೇ ಎಂದು ಮತ್ತೆ ರೋಗಿಗಳ ಮೇಲೆಯೇ ಪ್ರಯೋಗ ಮಾಡಬೇಕು. ಯಾಕೆ? ಆರೋಗ್ಯವಾಗಿರುವ ಕೆಲವರು ಮೋಸ ಮಾಡುತ್ತಾರೆಂದು. ಯಾವ ವೈದ್ಯನೂ ಇದಕ್ಕೆ ಒಪ್ಪಬಾರದು. ಭಾರತ, ಚೀನಾಗಳಲ್ಲಿ ಬೇರೆ ಕಂಪನಿಗಳು ಇಪಿಒ ತಯಾರಿಸಲು ಶುರುಮಾಡಿದ ಮೇಲೆ ಆ ಗುರುತಿಗೆ ಅರ್ಥವೂ ಉಳಿಯುತ್ತಿರಲಿಲ್ಲ.

ಗುರುತಿನ ಅಗತ್ಯವೂ ಬರಲಿಲ್ಲ. ಕಾರ್ಖಾನೆಯ ಇಪಿಒ ತಯಾರಾಗುವುದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ. ಅದಕ್ಕೆ ಅಂಟಿಕೊಳ್ಳುವ ಸಕ್ಕರೆಯ ಸರಪಳಿಗಳು ಮನುಷ್ಯನ ದೇಹದ ಇಪಿಒಗೆ ಅಂಟುವ ಸರಪಳಿಗಳಂತೆ ಇರುವುದಿಲ್ಲ. ಈ ವ್ಯತ್ಯಾಸ ಹಿಡಿದು ಫ್ರಾನ್ಸಿನ ವಿಜ್ಞಾನಿಗಳು 2000ದಲ್ಲಿ ಮೂತ್ರ ಪರೀಕ್ಷೆಯೊಂದನ್ನು ರೂಪಿಸಿದರು. ಅರಾನೆಸ್ಪ್‌ಗೆ ಸಕ್ಕರೆಯ ಸರಪಳಿಗಳು ಇನ್ನೂ ಹೆಚ್ಚು. ಹೊಸ ಔಷಧ, ಸಿಕ್ಕಿಬೀಳುವುದಿಲ್ಲ ಎಂದು ನಂಬಿ 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸಿಗೆ ಹೋದ ಸ್ಕೀಯಿಂಗ್ ಆಟಗಾರರು ಮೂವರು ಸಿಕ್ಕಿಬಿದ್ದರು, ಸ್ಪೇನಿನ ಪರ ಆಡಿದ ಯೋಹಾನ್ ಮ್ಯೂಲೆಗ್ ಸಹ ಅವರಲ್ಲಿ ಒಬ್ಬ. ಆಮೇಲೆ ರೋಷ್ ಕಂಪನಿ ತನ್ನ ಸೆರಾ ಎಂಬ ಹೊಸ ಇಪಿಒ ಬಗ್ಗೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾಕ್ಕೆ ಮೊದಲೇ ಮಾಹಿತಿ ಕೊಟ್ಟು ಸಹಕರಿಸಿತು. 2008ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸೈಕ್ಲಿಸ್ಟ್ ರಿಕಾರ್ಡೊ ರಿಕ್ಕೊ ಸಿಕ್ಕಿಬಿದ್ದದ್ದು ಅದರಲ್ಲೇ. ಔಷಧ ಮಾಡುವವರನ್ನು ಹೊರಗಟ್ಟಿದರೆ ನಷ್ಟ ಯಾರಿಗೆ? ಮದ್ದನ್ನು ಪತ್ತೆ ಹಚ್ಚುವ ಪ್ರಯೋಗಾಲಯಗಳಿಗೆ.

ಇನ್ನು ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಕಂಪನಿ ಹಣ ಕೊಟ್ಟದ್ದು ಹೆಸರು ತೊಳೆದುಕೊಳ್ಳಲು. ಹೌದು, ಪ್ರಚಾರಕ್ಕಾಗಿಯೇ ಕೊಟ್ಟಿತು. ಪ್ರಚಾರ ಬೇಡವೆಂದು ಯಾವ ಪ್ರಾಯೋಜಕ ಹಣ ಕೊಡುತ್ತಾನೆ? ಸೈಕಲ್ ರೇಸಿಗೆ ಟಿಕೆಟ್ಟಿಲ್ಲ, ಮೈದಾನವಿಲ್ಲ. ರಸ್ತೆ ಬದಿಗೆ ಬಂದವರು ಪುಕ್ಕಟೆ ನೋಡುತ್ತಾರೆ. ಪ್ರಾಯೋಜಕನ ಹಣವೇ ಅದರ ಮುಖ್ಯ ಆದಾಯ. ಕೇಳಬೇಕಾದ ಪ್ರಶ್ನೆ ಬೇರೆ: ಆ ಹಣದಿಂದ ಮದ್ದಿನ ಮೇಲಿನ ನಿಗಾ ಸಡಿಲವಾಯಿತೇ? 2008ರಲ್ಲಿ ಎಇಜಿ ಏನು ಮಾಡಿತು ನೋಡಿ. ತನಿಖೆ ಬಾಕಿಯಿರುವ ಯಾರೂ ರೇಸಿಗೆ ಇಳಿಯುವಂತಿಲ್ಲ ಎಂದು ನಿಯಮ ಮಾಡಿ, ರಾಕ್ ರೇಸಿಂಗ್ ತಂಡದ ಟೈಲರ್ ಹ್ಯಾಮಿಲ್ಟನ್, ಸಾಂಟಿಯಾಗೊ ಬೊಟೆರೊ, ಆಸ್ಕರ್ ಸೆವಿಯಾ ಅವರನ್ನು ಹೊರಗಿಟ್ಟಿತು. ಹ್ಯಾಮಿಲ್ಟನ್ ಆಗ ಒಲಿಂಪಿಕ್ ಚಿನ್ನ ಹೊಂದಿದ್ದವನು, ಅಮೆರಿಕದವನು, ಜನ ನೋಡಲು ಬರುತ್ತಿದ್ದವನು. ಹೆಸರು ತೊಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ ತಾರೆಯರನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವ ಗಲಾಟೆ ಯಾಕೆ ಬೇಕಿತ್ತು?

ಗಲಾಟೆ ಬಂದಾಗ ಓಡಿಹೋದವರು ಬೇರೆ ಪ್ರಾಯೋಜಕರು. 2006ರಲ್ಲಿ ಫೋನಾಕ್ ತಂಡ ಮುಚ್ಚಿತು, 2007ರಲ್ಲಿ ಟಿ-ಮೊಬೈಲ್ ಹೋಯಿತು, 2012ರಲ್ಲಿ ರಾಬೊಬ್ಯಾಂಕ್ ಹೋಯಿತು. ತನ್ನ ಉತ್ಪನ್ನದ ಹೆಸರೇ ಹಗರಣವಾಗಿದ್ದ ಆಮ್ಜೆನ್ ಮಾತ್ರ 2006ರಿಂದ 2019ರವರೆಗೆ ಅಲ್ಲಿಯೇ ನಿಂತಿತು. 2010ರ ಮೇ 20ರಂದು, ಕ್ಯಾಲಿಫೋರ್ನಿಯಾದ ರೇಸು ನಡೆಯುತ್ತಿದ್ದಾಗಲೇ, ಸೈಕ್ಲಿಸ್ಟ್ ಫ್ಲಾಯ್ಡ್ ಲ್ಯಾಂಡಿಸ್‌ನ ಮದ್ದು ಸೇವನೆಯ ತಪ್ಪೊಪ್ಪಿಗೆ ಪತ್ರಿಕೆಗಳಲ್ಲಿ ಬಂತು. ಅದೇ ದಿನ ಆರ್ಮ್‌ಸ್ಟ್ರಾಂಗ್ ರಸ್ತೆಯಲ್ಲಿ ಬಿದ್ದು ರೇಸು ಬಿಟ್ಟ. ಕಂಪನಿಗೆ ಅದಕ್ಕಿಂತ ಮುಜುಗರದ ದಿನ ಇನ್ನೊಂದಿರಲಾರದು. ಆದರೂ ಮುಂದಿನ ವರ್ಷದ ರೇಸಿನ ಮೇಲೆ ಅದೇ ಹೆಸರಿತ್ತು.

ಲ್ಯಾಂಡಿಸ್ ಹೆಸರು ಬಂದದ್ದರಿಂದ ಆ ಮಾತನ್ನೂ ಮುಗಿಸಿಬಿಡುತ್ತೇನೆ. ಮೊದಲ ವರ್ಷದ ರೇಸು ಗೆದ್ದದ್ದು ಅವನೇ ತಾನೆ, ಅದಕ್ಕಿಂತ ಪುರಾವೆ ಬೇಕೆ ಎನ್ನುತ್ತಾರೆ. ಅವನು ಅದೇ ಬೇಸಿಗೆಯಲ್ಲಿ ಟೂರ್ ಡಿ ಫ್ರಾನ್ಸ್‌ನಲ್ಲಿ ಸಿಕ್ಕಿಬಿದ್ದದ್ದು ಟೆಸ್ಟಾಸ್ಟಿರೋನ್‌ನಲ್ಲಿ, ಮತ್ತು ಟೂರ್ ಡಿ ಫ್ರಾನ್ಸ್‌ಗೆ ಆಮ್ಜೆನ್ ಹಣವಿರಲಿಲ್ಲ. ಅವನ ಗೆಲುವು ಪರೀಕ್ಷೆಗಳ ಸೋಲು. ಪರೀಕ್ಷೆ ಮಾಡಬೇಕಾದದ್ದು ಕ್ರೀಡಾ ಒಕ್ಕೂಟ, ಪ್ರಾಯೋಜಕನಲ್ಲ.

ಈಗ ಕೈಬಿಟ್ಟ ಅಂಶಕ್ಕೆ ಬರುತ್ತೇನೆ. ಆಮ್ಜೆನ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ರೇಸಿನ ಜೊತೆಜೊತೆಗೆ ಅದು ಬ್ರೇಕ್‌ಅವೇ ಫ್ರಂ ಕ್ಯಾನ್ಸರ್ ಎಂಬ ಅಭಿಯಾನ ನಡೆಸುತ್ತಿತ್ತು. ಅದೇ ವರ್ಷಗಳಲ್ಲಿ ಅನುಮತಿಯಿಲ್ಲದ ಬಳಕೆಗೂ ಅರಾನೆಸ್ಪ್ ಬರೆಯುವಂತೆ ವೈದ್ಯರನ್ನು ಪ್ರೇರೇಪಿಸುತ್ತಿತ್ತು. ಕೀಮೊಥೆರಪಿ ಪಡೆಯದ ಕ್ಯಾನ್ಸರ್ ರೋಗಿಗಳಲ್ಲಿ ಈ ಔಷಧದಿಂದ ಸಾವು ಹೆಚ್ಚುತ್ತದೆಂದು ಗೊತ್ತಾಗಿ, 2007ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮಾಹಿತಿ ಪತ್ರದಲ್ಲಿ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. 2012ರ ಡಿಸೆಂಬರಿನಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ 76.2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಇದು ನಿಜವಾದ ಅಪರಾಧ, ಇದಕ್ಕೆ ಬಲಿಯಾದವರು ನಿಜವಾದ ರೋಗಿಗಳು. ಆಕ್ಷೇಪಿಸುವವರು ಆಮ್ಜೆನ್ ಬ್ಯಾನರಿನ ಕೆಳಗೆ ನಿಂತು ಈ ಅಪರಾಧದ ಪ್ರಶ್ನೆ ಕೇಳಿದ್ದರೆ ನಾನೂ ಅವರ ಜೊತೆ ನಿಲ್ಲುತ್ತಿದ್ದೆ. ಅವರು ಕೇಳಿದ್ದು ಸೈಕ್ಲಿಸ್ಟುಗಳ ವಿಷಯ ಮಾತ್ರ.

ಬೇರೆ ಪ್ರಾಯೋಜಕ ಸಿಗುತ್ತಿರಲಿಲ್ಲವೇ ಎಂಬ ಮಾತಿಗೆ ಕಾಲವೇ ಉತ್ತರ ಕೊಟ್ಟಿದೆ. ಹದಿನಾಲ್ಕು ಆವೃತ್ತಿ ನಡೆದು, ಪೀಟರ್ ಸಗಾನ್‌ನಂಥವರು ಹಂತದ ಮೇಲೆ ಹಂತ ಗೆದ್ದು, 2019ರಲ್ಲಿ ಇಪ್ಪತ್ತು ವರ್ಷದ ತಾಡೆ ಪೊಗಾಚರ್ ಕೊನೆಯ ಟೂರ್ ಆಫ್ ಕ್ಯಾಲಿಫೋರ್ನಿಯಾ ಗೆದ್ದ. ಮುಂದಿನ ವರ್ಷ ಟೂರ್ ಡಿ ಫ್ರಾನ್ಸ್ ಗೆದ್ದವನೂ ಅವನೇ. ರೇಸು ನಡೆಸುವುದು ಆರ್ಥಿಕವಾಗಿ ಕಷ್ಟವಾಗಿದೆ ಎಂದು ಎಇಜಿ 2020ರ ಆವೃತ್ತಿಯನ್ನು ನಿಲ್ಲಿಸಿತು. ಶುದ್ಧ ಹಣದ ಇನ್ನೊಬ್ಬ ಪ್ರಾಯೋಜಕ ಯಾರೂ ಬರಲಿಲ್ಲ.

ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕ್ಲಿಂಗ್‌ನ ಹುಚ್ಚು ಹಿಡಿದ ಹುಡುಗರಿದ್ದಾರೆ. ನಮ್ಮಲ್ಲೂ ಇಂಥ ದೊಡ್ಡ ರೇಸುಗಳು ಬರಲಿ ಎಂದು ಕಾಯುವವರಲ್ಲಿ ನನ್ನದೊಂದು ಮನವಿ: ಬ್ಯಾನರಿನ ಮೇಲಿನ ಹೆಸರು ನೋಡಿ ತೀರ್ಪು ಕೊಡಬೇಡಿ. ಎಷ್ಟು ಸೈಕ್ಲಿಸ್ಟುಗಳ ರಕ್ತ, ಮೂತ್ರದ ಮಾದರಿ ತೆಗೆದುಕೊಂಡರು, ಯಾವ ಯಾವ ಮದ್ದಿಗಾಗಿ ಪರೀಕ್ಷಿಸಿದರು, ಫಲಿತಾಂಶವನ್ನು ಯಾವಾಗ ಪ್ರಕಟಿಸಿದರು ಎಂದು ಒಕ್ಕೂಟವನ್ನು ಕೇಳಿ, ಉತ್ತರ ಬರುವವರೆಗೂ ಬಿಡಬೇಡಿ.