ನಿನಗೇ ಗೊತ್ತಾಗೋದು ಕಣೇ!

ಪಾತ್ರೆ ತೊಳೆಯುವ ಯಂತ್ರ ಮನೆಗೆ ಬಂದ ದಿನ ನಾನು ಬಾಗಿಲಿಗೆ ತೋರಣ ಕಟ್ಟುವುದೊಂದು ಬಾಕಿ. ಬೂದಿ, ಹುಣಸೆಹಣ್ಣು, ತೆಂಗಿನ ನಾರಿನಿಂದ ಶುರುವಾದ ನನ್ನ ಮುಸುರೆಯ ಪುರಾಣ ಇಲ್ಲಿಗೆ ಮುಗಿಯಿತೆಂದುಕೊಂಡೆ. ವಾರದೊಳಗೆ ನಮ್ಮವರು ತೀರ್ಪು ಕೊಟ್ಟರು: "ಇದೆಲ್ಲ ಬ್ರೆಡ್ಡು ತಿನ್ನೋರಿಗೆ ಸರಿ. ನಮ್ಮ ಹುಳಿ, ಒಗ್ಗರಣೆಗೆ ಆಗಿಬರೋದಿಲ್ಲ." ಹಿಂದಿನ ರಾತ್ರಿ ಅವರೇ ತುಂಬಿದ್ದ ಪಾತ್ರೆಗಳು ಬೆಳಿಗ್ಗೆ ಅನ್ನದ ಅಗುಳಿನ ಸಮೇತ ಹೊರಬಂದಿದ್ದವು.

ಬಾರದೆ ಏನು ಮಾಡಿಯಾವು? ತಟ್ಟೆಯ ಮೇಲೆ ತಟ್ಟೆ, ಲೋಟದೊಳಗೆ ಲೋಟ, ಹುಳಿಯ ಪಾತ್ರೆ ಅಂಗಾತ! ಯಂತ್ರವೇನು ನಮ್ಮ ಹಾಗೆ ಉಜ್ಜುತ್ತದೆಯೇ? ತಿರುಗುವ ತೋಳುಗಳಿಂದ ಬಿಸಿ ಸೋಪಿನ ನೀರು ಚಿಮ್ಮಿಸುತ್ತದೆ, ಅಷ್ಟೆ. ನೀರು ತಾಗದ ಕಡೆ ಕೊಳೆ ಹೋಗದು. ಶಾಸ್ತ್ರವೆಲ್ಲ ಇದರಲ್ಲೇ ಇದೆ.

ಎಂಜಲು ಬಳಿದು ಹಾಕಿದರೆ ಸಾಕು, ನಲ್ಲಿ ಕೆಳಗೆ ತೊಳೆದು ಇಡಬೇಕಾಗಿಲ್ಲ. ತಟ್ಟೆಗಳು ಒಂದಕ್ಕೊಂದು ಅಂಟದೆ ನಿಲ್ಲಬೇಕು, ಕೊಳೆಯ ಮುಖ ನೀರು ಬರುವ ಕಡೆಗಿರಬೇಕು. ದೊಡ್ಡ ಪಾತ್ರೆ ಕೆಳಗೆ, ಲೋಟ ಬಟ್ಟಲು ಮೇಲೆ. ಎಲ್ಲವೂ ಬೋರಲು, ಕೊಂಚ ಓರೆ. ಚಮಚಗಳು ಒಂದರ ಮಡಿಲಲ್ಲೊಂದು ಮಲಗಬಾರದು. ಬಾಗಿಲು ಹಾಕುವ ಮುಂಚೆ ತೋಳುಗಳನ್ನು ಕೈಯಿಂದ ಒಮ್ಮೆ ತಿರುಗಿಸಿ, ಸೌಟಿನ ಹಿಡಿ ತಡೆಯುವುದಿಲ್ಲ ತಾನೇ ಎಂದು ನೋಡಬೇಕು. ತಳದ ಜರಡಿ ಆಗಾಗ ತೊಳೆಯಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಅದಕ್ಕೆಂದೇ ಸಿಗುವ ಉಪ್ಪು ಮುಗಿಯಗೊಡಬಾರದು. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ ಬಾಣಲೆ, ಹಿತ್ತಾಳೆ, ಮರದ ಸೌಟು ಕೈಗೇ ಇರಲಿ.

ಇಷ್ಟನ್ನೂ ವಿವರಿಸಿದೆ. ನಮ್ಮವರು ಪೇಪರು ಮಡಚಿ, "ಅದೆಲ್ಲ ನಿನಗೇ ಗೊತ್ತಾಗೋದು ಕಣೇ" ಎಂದರು.

ನನ್ನ ಜಗಳ ಈ ಮಾತಿನ ಜೊತೆಗೆ. ಮದುವೆಗೆ ಹೊರಟಾಗ ಏಳು ಜನರ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿ ಒಂದಿಂಚೂ ಪೋಲಾಗದಂತೆ ಜೋಡಿಸುವ ಮಹಾನುಭಾವರಿಗೆ ಹತ್ತು ತಟ್ಟೆ ಜೋಡಿಸಲು ಬಾರದೆ? ಇದು ದಡ್ಡತನವಲ್ಲ, ಹೊಗಳಿಕೆಯ ವೇಷ ಹಾಕಿದ ಜಾಣತನ.

1886ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದವಳು ಜೋಸೆಫೀನ್ ಕಾಕ್ರೇನ್ ಎಂಬ ಅಮೆರಿಕದ ಹೆಂಗಸು. ತಟ್ಟೆ ಬಟ್ಟಲುಗಳ ಅಳತೆಗೆ ತಂತಿಯ ಗೂಡು ಹೆಣೆದು, ಅದರ ಮೇಲೆ ನೀರು ಹಾಯಿಸಿದಳು. ಎಂದರೆ, ಜೋಡಣೆಯೇ ಯಂತ್ರದ ಅರ್ಧ ಜೀವ. 1893ರ ಷಿಕಾಗೊ ವಿಶ್ವಮೇಳದಲ್ಲಿ ಅದು ಪ್ರದರ್ಶನ ಕಂಡಿತು. ಯಂತ್ರ ಅಲ್ಲಿಂದ ನಮ್ಮ ಅಡುಗೆಮನೆವರೆಗೂ ಬಂತು, ಗಂಡಸರು ಹಜಾರದಿಂದ ಬರಲಿಲ್ಲ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯನ್ನೇ ನೋಡಿ: ಮನೆಗೆಲಸ ಮಾಡುವ ಹೆಂಗಸರಿಗೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಬೇಕು, ಮಾಡುವ ಗಂಡಸರಿಗೆ 97. ಮಾಡದವರು ಈ ಲೆಕ್ಕದಲ್ಲೇ ಇಲ್ಲ!

ತಪ್ಪೆಲ್ಲ ಅವರದೇ ಎನ್ನಲಾರೆ. ಅವರು ಇಟ್ಟದ್ದನ್ನು ರಾತ್ರಿ ಕದ್ದು ಬಂದು ಸರಿಪಡಿಸುತ್ತಿದ್ದವಳು ನಾನೇ. "ನನ್ನ ಹಾಗೆ ಯಾರಿಗೂ ಬಾರದು" ಎಂಬ ಬಿಂಕ ನಮಗೂ ಇಲ್ಲವೇ? ಆ ಬಿಂಕವೇ ನಮ್ಮನ್ನು ಕಟ್ಟಿಹಾಕಿರುವ ಹಗ್ಗ. ಕೊನೆಗೊಂದು ಕಾನೂನು ಮಾಡಿದೆ: ಒಂದು ದಿನ ಅವರು, ಒಂದು ದಿನ ಮಗ, ಒಂದು ದಿನ ನಾನು; ಕೊಳೆ ಉಳಿದದ್ದನ್ನು ಜೋಡಿಸಿದವರೇ ಕೈಯಲ್ಲಿ ಉಜ್ಜಬೇಕು. ಎರಡು ಸಲ ಹುಳಿಯ ಪಾತ್ರೆ ಉಜ್ಜಿದ ಮೇಲೆ ನಮ್ಮವರಿಗೆ ಜ್ಞಾನೋದಯವಾಯಿತು. ಮೊನ್ನೆ ನನ್ನ ಸರದಿಯ ದಿನ ಹಿಂದೆ ಬಂದು ನಿಂತು, "ಲೋಟ ಓರೆಯಾಗಿಡು ಕಣೇ, ನೀರು ನಿಲ್ಲುತ್ತೆ" ಎಂದರು.

ಆದ್ದರಿಂದ ಅಕ್ಕತಂಗಿಯರೇ, ಒಮ್ಮೆ ಕಲಿಸಿಕೊಡಿ. ಆಮೇಲೆ ಎಷ್ಟೇ ಕೈ ತುರಿಸಿದರೂ, ಅವರು ಜೋಡಿಸಿದ್ದನ್ನು ಮಾತ್ರ ಮುಟ್ಟಬೇಡಿ.