ನಿಮ್ಮದು ಯಾವ ಕಮ್ಯುನಿಟಿ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪ್ರಶ್ನೆ ಗೊತ್ತಿರುತ್ತೆ. ಕಳೆದ ತಿಂಗಳು ಗೆಳೆಯನ ಜೊತೆ ಒಂದು ಮನೆ ನೋಡಲು ಹೋಗಿದ್ದೆ. ಮನೆ ಬೇಕಿದ್ದದ್ದು ಅವನಿಗೆ. ಓನರ್ ಆಂಟಿ ಕೂರಿಸಿ ಕಾಫಿ ಕೊಟ್ಟರು. ಯಾವ ಊರು, ಎಲ್ಲಿ ಕೆಲಸ ಎಲ್ಲ ಆದ ಮೇಲೆ ದನಿ ಸ್ವಲ್ಪ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನಿಮ್ಮದು ಯಾವ ಕಮ್ಯುನಿಟಿ?" ಅಂದರು. ಅವನು ಹೇಳಿದ. "ನಮ್ಮ ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ" ಅಂದರು. ಆ ಫೋನು ಇನ್ನೂ ಬಂದಿಲ್ಲ.

ವಾಪಸ್ ಬರುವಾಗ ಅವನು, "ನಮ್ಮೂರಲ್ಲಿ ಯಾವ ಜನ ಅಂತ ನೇರವಾಗಿ ಕೇಳ್ತಾರೆ. ಇಲ್ಲಿ ಇಂಗ್ಲಿಷಲ್ಲಿ ಕೇಳ್ತಾರೆ, ಅಷ್ಟೇ" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಈ ಪದದ ಮೂಲ ಲ್ಯಾಟಿನ್ನಿನ ಕಮ್ಯೂನಿಸ್. ಎಲ್ಲರಿಗೂ ಸೇರಿದ್ದು, ಸಮಾನವಾದದ್ದು ಅಂತ ಅರ್ಥ. ಕಾಮನ್ ಅನ್ನೋದೂ ಅಲ್ಲಿಂದಲೇ ಬಂದದ್ದು. ನಾವು ಮಾತ್ರ ಅದೇ ಪದ ಹಿಡಿದು 'ನೀನು ನಮ್ಮವನಲ್ಲ ತಾನೇ?' ಅಂತ ಕೇಳ್ತೀವಿ!

ಹಾಗಂತ ಇದು ಆಂಟಿ ಕಂಡುಹಿಡಿದ ಅರ್ಥವೇನಲ್ಲ. ಸರ್ಕಾರಿ ಕಾಗದಗಳಲ್ಲಿ ಕಮ್ಯುನಿಟಿ ಅಂದರೆ ಜಾತಿ ಅನ್ನೋದು ನೂರು ವರ್ಷ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದ್ದು ಹಿಂದುಳಿದ ಕಮ್ಯುನಿಟಿಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಿಸಲು. ಪಕ್ಕದ ಮದ್ರಾಸಿನ ಮೀಸಲಾತಿ ಆದೇಶದ ಹೆಸರೇ ಕಮ್ಯುನಲ್ ಜಿ.ಓ. 1951ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗ ಕಮ್ಯುನಲ್ ಅನ್ನೋದು ಆದೇಶದ ಹೆಸರು, ಈಗ ಬೈಗುಳ. ಕಮ್ಯುನಿಟಿ ಮಾತ್ರ ಮರ್ಯಾದಸ್ಥರ ಮಾತಾಗಿ ಉಳಿಯಿತು. ಅಲ್ಲಿ ಬಾಗಿಲು ತೆಗೆಯಲು ಕೇಳಿದ್ದನ್ನೇ ಇಲ್ಲಿ ಬಾಗಿಲು ಹಾಕಲು ಕೇಳ್ತಾರೆ. ನನ್ನ ತಕರಾರು ಇಷ್ಟೇ.

ಆರ್ಕುಟ್ ನೆನಪಿದೆಯಾ? ನಮ್ಮಲ್ಲಿ ಎಷ್ಟೋ ಜನ ಪರಿಚಯವಾದದ್ದು ಅಲ್ಲಿನ ಕಮ್ಯುನಿಟಿಗಳಲ್ಲೇ. ಪುಸ್ತಕ, ಚಾರಣ, ಹಳೇ ಹಾಡು.. ಇಷ್ಟ ಇದ್ದರೆ ಸಾಕು, ಸೇರಬಹುದಿತ್ತು. 2014ರಲ್ಲಿ ಅದೂ ಮುಚ್ಚಿತು. ಜಾತಿಗೊಂದು ಕಮ್ಯುನಿಟಿ ಅಲ್ಲೂ ಇತ್ತು ಅನ್ನೋದು ಬೇರೆ ಮಾತು :)

ಈಗ ಒಂದು ನಿಜ ಹೇಳಿಬಿಡ್ತೀನಿ. ಮೂರು ವರ್ಷದ ಹಿಂದೆ ನಾನು ಈಗಿರುವ ಮನೆ ನೋಡಲು ಬಂದಾಗಲೂ ಇದೇ ಪ್ರಶ್ನೆ ಬಂದಿತ್ತು. ಥಟ್ಟನೆ ಉತ್ತರ ಹೇಳಿದ್ದೆ, ಅವತ್ತೇ ಸಂಜೆ ಬೀಗದ ಕೈ ಸಿಕ್ಕಿತ್ತು. ಆಗ ಈ ಪದ ನನಗೆ ಚುಚ್ಚಲೇ ಇಲ್ಲ. ಜಾತಿ ಅಂತ ಕೇಳಿದ್ದರೆ ಸ್ವಲ್ಪವಾದರೂ ಮುಜುಗರ ಆಗುತ್ತಿತ್ತೇನೋ. ಕೇಳುವವರಿಗೂ, ಹೇಳುವವನಿಗೂ. ಕಮ್ಯುನಿಟಿ ಅನ್ನೋ ಪದ ಇಬ್ಬರನ್ನೂ ಆ ಮುಜುಗರದಿಂದ ಪಾರು ಮಾಡಿತು.

ಮುಂದಿನ ಸಲ ಯಾರಾದರೂ ಕೇಳಿದರೆ "ಜಾತಿ ಕೇಳ್ತಿದ್ದೀರಾ ಆಂಟಿ?" ಅಂತ ಕೇಳೇಬಿಡೋಣ ಅಂದುಕೊಂಡಿದ್ದೀನಿ. ಮನೆ ಸಿಗದೆ ಹೋಗಬಹುದು. ಪದಕ್ಕೆ ಅದರ ಅರ್ಥವಾದರೂ ಸಿಗಲಿ.

ನೀವಾದರೆ ಏನಂತೀರಿ?