ಪ್ರತಿ ಇದ್ದರೆ ಸಾಲದು, ಮರಳುವ ದಾರಿಯೂ ಬೇಕು

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ವೇಳೆ ಹೊತ್ತಿಕೊಂಡ ಕಿಡಿಗೆ 600ಕ್ಕೂ ಹೆಚ್ಚು ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವು. ಈ ಪೈಕಿ ಅತಿ ದೊಡ್ಡ ನಷ್ಟ ಸಂಭವಿಸಿದ್ದು ‘ಜಿ-ಡ್ರೈವ್’ ಎಂಬ ಸಂಗ್ರಹಾಗಾರಕ್ಕೆ. ಕಚೇರಿಯ ಪರ್ಸನಲ್ ಕಂಪ್ಯೂಟರಿನಲ್ಲಿ ಕಡತಗಳನ್ನು ಇಡದೆ ಜಾಲದ ಮೂಲಕ ಇಲ್ಲಿಯೇ ಇಡಬೇಕೆಂದು ನೌಕರರಿಗೆ 2018ರಲ್ಲಿ ಸೂಚಿಸಲಾಗಿತ್ತು. ಹಾಗೆ ಸೇರಿದ್ದ 858 ಟೆರಾಬೈಟ್ ಮಾಹಿತಿ ಭಸ್ಮವಾಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಅದರ ಪ್ರತಿಯನ್ನೇ ಇರಿಸಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ದೇಶದಲ್ಲಿ ಹೀಗಾದದ್ದು ಹೇಗೆ?

ಉತ್ತರಕ್ಕಾಗಿ ತುಸು ಹಿಂದೆ ಹೋಗಬೇಕು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ 50 ಬೃಹತ್ ತಟ್ಟೆಗಳಿದ್ದವು; ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಮುಂದಿನ ಮೂರು ದಶಕ ಬ್ಯಾಂಕು, ವಿಮಾನಯಾನ, ಸರ್ಕಾರಗಳ ಮೇನ್‌ಫ್ರೇಮ್ ಗಣಕಗಳು ಇಂಥ ದುಬಾರಿ ಡಿಸ್ಕ್‌ಗಳನ್ನೇ ಅವಲಂಬಿಸಿದ್ದವು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಹಾಗೂ ರ‍್ಯಾಂಡಿ ಕಾಟ್ಜ್ ಬೇರೊಂದು ದಾರಿ ತೋರಿದರು. 7,500 ಮೆಗಾಬೈಟ್‌ನ ಒಂದು ಮೇನ್‌ಫ್ರೇಮ್ ಡಿಸ್ಕಿನ ಬದಲು ಪರ್ಸನಲ್ ಕಂಪ್ಯೂಟರಿನ 100 ಮೆಗಾಬೈಟ್‌ನ ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಬಾರದೇಕೆ ಎಂಬುದು ಅವರ ಪ್ರಶ್ನೆ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯ ತರ್ಕವೇ ಇದು.

ಆದರೆ ಅವರೇ ಒಂದು ಎಚ್ಚರಿಕೆಯನ್ನೂ ನೀಡಿದ್ದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, ಅಂಥ 100 ಡಿಸ್ಕ್‌ಗಳ ಸಾಲಿನಲ್ಲಿ ಸರಾಸರಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರ ತುಂಬುವ ಮೊದಲೇ ಒಂದು ಕೆಡುತ್ತದೆ. ಆದ್ದರಿಂದ ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಮರಳಿ ಕಟ್ಟಿಕೊಳ್ಳುವಂತೆ ಹೆಚ್ಚುವರಿ ಮಾಹಿತಿಯನ್ನು ಬರೆದಿಡಬೇಕು. ‘ರೈಡ್’ ಎಂಬ ಹೆಸರಿನ ಈ ವಿಧಾನ ಬಹುಬೇಗ ಮನ್ನಣೆ ಪಡೆಯಿತು. 1990ರಲ್ಲಿ ಇಎಂಸಿ ಸಂಸ್ಥೆ ಸಣ್ಣ ಡಿಸ್ಕ್‌ಗಳನ್ನೇ ಕೂಡಿಸಿ ಮೇನ್‌ಫ್ರೇಮ್‌ಗೆ ಸಂಗ್ರಹ ಒದಗಿಸಿತು. ಅಗ್ಗದ ಡಿಸ್ಕ್ ಕೆಡುವುದು ಖಚಿತ, ಹಾಗಾಗಿ ಪ್ರತಿ ಇರಲೇಬೇಕು ಎಂಬುದು ಈ ಒಪ್ಪಂದದ ತಿರುಳು. ಅಗ್ಗವನ್ನು ಸ್ವೀಕರಿಸಿ ಪ್ರತಿಯನ್ನು ಕೈಬಿಟ್ಟರೆ ಒಪ್ಪಂದದ ಅರ್ಧವನ್ನು ಮಾತ್ರ ಪಾಲಿಸಿದಂತೆ.

ಅಷ್ಟೇ ಅಲ್ಲ, ರೈಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ಕಟ್ಟಡವೇ ಉರಿದರೆ ಅಲ್ಲ. ಅದಕ್ಕೆ ದೂರದಲ್ಲಿ ಇನ್ನೊಂದು ಪ್ರತಿ ಬೇಕು. ಗಾಜಿನ ತಂತಿಯಲ್ಲಿ ಬೆಳಕು 100 ಕಿಲೋಮೀಟರ್ ಹೋಗಿ ಬರಲು ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡೂ ಕಡೆ ಏಕಕಾಲಕ್ಕೆ ಬರೆಯುವುದಾದರೆ ದೂರ ಹೆಚ್ಚಿದಂತೆ ಗಣಕ ಕಾಯುತ್ತ ಕೂರಬೇಕಾಗುತ್ತದೆ. ತಡವಾಗಿ ಬರೆಯುವುದಾದರೆ ಅವಘಡದ ವೇಳೆ ಕೊನೆಯ ಕೆಲವು ಕ್ಷಣಗಳ ಇಲ್ಲವೇ ನಿಮಿಷಗಳ ಮಾಹಿತಿ ಕೈತಪ್ಪುತ್ತದೆ. ಎಷ್ಟು ಮಾಹಿತಿ ಕಳೆದರೆ ಸಹಿಸಬಹುದು, ಎಷ್ಟು ಹೊತ್ತಿನಲ್ಲಿ ಸೇವೆ ಮರಳಬೇಕು ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕಾದುದು ಈ ಕಾರಣಕ್ಕೆ.

ಪ್ರತಿ ಇದ್ದರೂ ಸಾಲದು ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ದೂರಸಂಪರ್ಕ ಕೊಂಡಿಗಳ ತೊಂದರೆಯಿಂದ ಸಂಗ್ರಹ ಜಾಲ ಏರುಪೇರಾಗಿ ಅಪಾಯ ನಿರ್ವಹಣಾ ವ್ಯವಸ್ಥೆ ಕೈಕೊಟ್ಟಿತೆಂಬುದು ಕೇಂದ್ರ ನೀಡಿದ ವಿವರಣೆ. ಪರ್ಯಾಯ ಕೇಂದ್ರವಿದ್ದರೂ ಅಂದು ವಹಿವಾಟನ್ನು ಅಲ್ಲಿಗೆ ವರ್ಗಾಯಿಸಲಿಲ್ಲ. ಮರುತಿಂಗಳೇ ಸೆಬಿ ನಿಯಮವನ್ನು ಬಿಗಿಗೊಳಿಸಿತು: ಮುಖ್ಯ ವ್ಯವಸ್ಥೆ ಕೆಟ್ಟ 30 ನಿಮಿಷದೊಳಗೆ ವಿಪತ್ತು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಪರ್ಯಾಯ ಕೇಂದ್ರಕ್ಕೆ ಬದಲಾಗಬೇಕು. 2024ರ ಮಾರ್ಚ್ 2ರ ಶನಿವಾರ ಪರ್ಯಾಯ ಕೇಂದ್ರದಿಂದಲೇ ವಹಿವಾಟು ನಡೆಸುವ ತಾಲೀಮೂ ನಡೆಯಿತು.

ಕರ್ನಾಟಕಕ್ಕೂ ಇದು ದೂರದ ಸಂಗತಿಯಲ್ಲ. ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ರೈತನ ಹಕ್ಕಿಗೆ ಆಧಾರ ಈಗ ಡಿಸ್ಕಿನ ಮೇಲಿನ ಬರಹವೇ. ಹೀಗಿರುವಾಗ ‘ನಮ್ಮ ದಾಖಲೆಯ ಪ್ರತಿ ಇದೆಯೇ’ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ‘ಆ ಪ್ರತಿಯಿಂದ ಕಚೇರಿಯನ್ನು ನಡೆಸಿ ನೋಡಿದ್ದು ಎಂದು’ ಎಂದೂ ಕೇಳಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥವೆಂದು ನಮ್ಮ ಹಿರಿಯರಿಗೆ ತಿಳಿದಿತ್ತು. ತೋಡಿದ ಬಾವಿಯಲ್ಲಿ ನೀರಿದೆಯೇ ಎಂದು ಆಗಾಗ ಕೊಡವಿಳಿಸಿ ನೋಡುವುದೂ ಅಷ್ಟೇ ಅಗತ್ಯ.